ಉಸಿರಿನ ಯಂತ್ರದೊಡನೆ ಸುಖನಿದ್ರೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಸಂತೆಯಲ್ಲಿ ಕುಳಿತಲ್ಲಿಯೇ ತೂಕಡಿಸುವವರೆಲ್ಲರೂ ಚಿಂತೆ ಇಲ್ಲದವರೆಂದು ತಿಳಿಯಬಾರದು. ಅವರಲ್ಲಿ ಕೆಲವರು ರಾತ್ರಿಯೆಲ್ಲ ಹಾಸಿಗೆಯ ಮೇಲಿದ್ದರೂ ನಿಜವಾದ ನಿದ್ರೆಯನ್ನು ಕಾಣದವರು. ಅವರ ಗೊರಕೆಯ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ. ನಡುನಡುವೆ ಆ ಗೊರಕೆ ಥಟ್ಟನೆ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಏದುಸಿರಿನೊಡನೆ ಬೆಚ್ಚಿದಂತಾಗಿ ಮತ್ತೆ ಗೊರಕೆ ಆರಂಭವಾಗುತ್ತದೆ. ಮಲಗಿದವರಿಗೆ ಇದು ತಿಳಿಯದು. ಪಕ್ಕದಲ್ಲಿ ಎಚ್ಚರವಾಗಿರುವ ಪತಿಗೋ ಪತ್ನಿಗೋ ಮಾತ್ರ ತಿಳಿಯುತ್ತದೆ.

ಇದು ಗಾಢನಿದ್ರೆಯ ಲಕ್ಷಣವಲ್ಲ. ಒಂದು ರೋಗದ ಲಕ್ಷಣ. ಇದನ್ನು ವೈದ್ಯರು ‘ಸ್ಲೀಪ್ ಆಪ್ನಿಯಾ’ ಎಂದು ಕರೆಯುತ್ತಾರೆ. ನಾವು ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ ಎನ್ನಬಹುದು. ಇದಕ್ಕೆ ಉತ್ತಮವಾದ ಚಿಕಿತ್ಸೆಯುಂಟು. ಅದು ರಾತ್ರಿ ಮಲಗುವಾಗ ಮೂಗಿಗೆ ಗಾಳಿಯನ್ನೊದಗಿಸುವ ಒಂದು ಚಿಕ್ಕ ಯಂತ್ರ. ಅನೇಕ ಮನೆಗಳಲ್ಲಿ ಈ ಯಂತ್ರವನ್ನು ಕಷ್ಟಪಟ್ಟು ತಂದು, ಕೆಲವೇ ದಿನಗಳಲ್ಲಿ ‘ಇದು ನಮ್ಮಿಂದಾಗದು’ ಎಂದು ಅಟ್ಟಕ್ಕೇರಿಸುವುದುಂಟು. ಯಂತ್ರದೊಡನೆ ಮಲಗುವಾಗ ಬರುವ ಪ್ರತಿಯೊಂದು ತೊಂದರೆಗೂ ಕಾರಣವಿದೆ. ಬಹುಮಟ್ಟಿಗೆ ಪರಿಹಾರವೂ ಇದೆ. ಅವುಗಳನ್ನು ದಂಪತಿಗಳಿಬ್ಬರೂ ಕೂಡಿ ತಿಳಿದುಕೊಳ್ಳಬೇಕೆಂಬುದೇ ಈ ಪಾಠದ ಉದ್ದೇಶ.

ರೋಗದ ಸ್ವರೂಪ

ನಮ್ಮ ಗಂಟಲಿನ ಒಳಭಾಗವು ಮೃದುವಾದ ಮಾಂಸದಿಂದಾದ ಕೊಳವೆ. ಎಚ್ಚರವಾಗಿರುವಾಗ ಅದರ ಸುತ್ತಲಿನ ಸ್ನಾಯುಗಳು ಅದನ್ನು ತೆರೆದಿಡುತ್ತವೆ. ನಿದ್ರೆ ಬಂದೊಡನೆ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ಆಗ ನಾಲಗೆಯ ಬುಡವೂ ಗಂಟಲಿನ ಗೋಡೆಗಳೂ ಒಂದಕ್ಕೊಂದು ಅಂಟಿಕೊಂಡು ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಂತರೆ ಅದನ್ನು ಒಂದು ಬಾರಿ ಎಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ಬಹಳ ಕುಗ್ಗಿ, ಅದರಿಂದ ರಕ್ತದ ಆಮ್ಲಜನಕವು ಇಳಿದರೆ ಅಥವಾ ನಿದ್ರೆ ಕದಡಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ವಯಸ್ಕರಲ್ಲಿ ಗಂಟೆಗೆ 5ರಿಂದ 15 ಬಾರಿ ಹೀಗಾದರೆ ರೋಗವು ಸೌಮ್ಯ, 15ರಿಂದ 30 ಬಾರಿಯಾದರೆ ಮಧ್ಯಮ, 30ಕ್ಕಿಂತ ಹೆಚ್ಚಾದರೆ ತೀವ್ರ.

ಉಸಿರು ನಿಂತಾಗಲೆಲ್ಲ ಮೆದುಳು ಗಾಬರಿಗೊಂಡು ದೇಹವನ್ನು ಅರೆ ಎಚ್ಚರಗೊಳಿಸುತ್ತದೆ. ಆದುದರಿಂದ ನಿದ್ರೆಯು ರಾತ್ರಿಯೆಲ್ಲ ತುಂಡುತುಂಡಾಗುತ್ತದೆ. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ಹಗಲು ತೂಕಡಿಕೆ, ಮರೆವು, ಸಿಡುಕು ಕಾಣಿಸಿಕೊಳ್ಳುತ್ತವೆ. ಇಂಥವರಲ್ಲಿ ರಕ್ತದ ಒತ್ತಡವು ಏರಿರುವುದು ಸಾಮಾನ್ಯ. ಟ್ರ್ಯಾಕ್ಟರ್ ಅಥವಾ ಮೋಟಾರು ಸೈಕಲ್ ಓಡಿಸುವಾಗ ಕಣ್ಣು ಮುಚ್ಚಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಯಂತ್ರವು ಮಾಡುವ ಕೆಲಸ

ಹೊಲಕ್ಕೆ ನೀರು ಹಾಯಿಸಲು ಹಾಸುವ ಚಪ್ಪಟೆ ಪೈಪನ್ನು ನೀವು ಕಂಡಿದ್ದೀರಿ. ಪಂಪು ನಡೆಯುತ್ತಿರುವಷ್ಟು ಹೊತ್ತು ಅದು ಉಬ್ಬಿ ದುಂಡಗೆ ನಿಲ್ಲುತ್ತದೆ. ಪಂಪು ನಿಂತೊಡನೆ ಚಪ್ಪಟೆಯಾಗುತ್ತದೆ. ಈ ಯಂತ್ರದ ಕೆಲಸವೂ ಅಂಥದೇ. ಮೂಗಿನ ಮೂಲಕ ಗಾಳಿಯನ್ನು ಹದವಾದ ಒತ್ತಡದಲ್ಲಿ ಸದಾ ಕಳುಹಿಸಿ, ಗಂಟಲಿನ ಕೊಳವೆಯು ಚಪ್ಪಟೆಯಾಗದಂತೆ ತಡೆಯುತ್ತದೆ. ಇದಕ್ಕೆ ಸಿಪ್ಯಾಪ್ ಯಂತ್ರವೆಂದು ಹೆಸರು. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯರಾದ ಕಾಲಿನ್ ಸಲಿವನ್ ಮತ್ತು ಅವರ ಸಹೋದ್ಯೋಗಿಗಳು ಐವರು ರೋಗಿಗಳಲ್ಲಿ ಈ ಚಿಕಿತ್ಸೆಯನ್ನು ಪ್ರಯೋಗಿಸಿ, ಅದರ ಫಲವನ್ನು 1981ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದಿನಿಂದ ಇದು ಲೋಕದಲ್ಲೆಲ್ಲ ಬಳಕೆಗೆ ಬಂದಿದೆ.

ಈ ಗಾಳಿಯ ಒತ್ತಡವನ್ನು ನೀರಿನ ಆಳದಿಂದ ಅಳೆಯುತ್ತಾರೆ. ಸಾಮಾನ್ಯವಾಗಿ ಅದು 4ರಿಂದ 20 ಸೆಂಟಿಮೀಟರುಗಳೊಳಗೆ ಇರುತ್ತದೆ. ನೀರಿನಲ್ಲಿ ಹತ್ತು ಸೆಂಟಿಮೀಟರು ಆಳಕ್ಕೆ ಒಂದು ಕೊಳವೆಯನ್ನಿಳಿಸಿ ಗುಳ್ಳೆ ಬರುವಂತೆ ಊದಿ ನೋಡಿರಿ. ಅದೇ ಹತ್ತು ಸೆಂಟಿಮೀಟರಿನ ಒತ್ತಡ. ಇದು ಶ್ವಾಸಕೋಶವನ್ನು ಒಡೆಯುವಂಥ ಬಿರುಗಾಳಿಯಲ್ಲವೆಂಬುದು ಇದರಿಂದ ಮನದಟ್ಟಾಗುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ಇಲ್ಲಿಯೇ ಹೋಗಲಾಡಿಸಬೇಕು. ಇದು ಆಮ್ಲಜನಕದ ಸಿಲಿಂಡರ್ ಅಲ್ಲ. ಕೋಣೆಯ ಗಾಳಿಯನ್ನೇ ಸೋಸಿ ಕೊಡುವ ಯಂತ್ರ. ಇದನ್ನು ಧರಿಸುವವರು ಸಾಯುವ ಸ್ಥಿತಿಯಲ್ಲಿದ್ದಾರೆಂದು ನೆರೆಹೊರೆಯವರು ಮರುಗುವ ಅಗತ್ಯವಿಲ್ಲ. ಕಣ್ಣಿಗೆ ಕನ್ನಡಕ ಹೇಗೋ ಗಂಟಲಿಗೆ ಈ ಯಂತ್ರ ಹಾಗೆ. ಧರಿಸಿರುವಷ್ಟು ಹೊತ್ತು ಉಪಯೋಗ. ತೆಗೆದಿಟ್ಟರೆ ತೊಂದರೆ ಮರಳುತ್ತದೆ.

ಅಟ್ಟವೇರಿದ ಯಂತ್ರ

ಉದಾಹರಣೆಗಾಗಿ ಒಂದು ರೈತ ಕುಟುಂಬವನ್ನು ಮನಸ್ಸಿನಲ್ಲಿ ತಂದುಕೊಳ್ಳೋಣ. ಯಜಮಾನರಿಗೆ ನಲವತ್ತೆಂಟು ವರ್ಷ. ತೂಕಡಿಕೆಯಿಂದ ಒಮ್ಮೆ ಟ್ರ್ಯಾಕ್ಟರನ್ನು ಬದುವಿಗೆ ಹತ್ತಿಸಿದ್ದರು. ಪತ್ನಿಯ ಒತ್ತಾಯದಿಂದ ಆಸ್ಪತ್ರೆಗೆ ಹೋಗಿ, ರಾತ್ರಿಯ ನಿದ್ರಾ ಪರೀಕ್ಷೆ ಮಾಡಿಸಿ, ಯಂತ್ರವನ್ನು ತಂದರು. ಹತ್ತನೆಯ ದಿನ ಆರೋಗ್ಯ ಸಹಾಯಕಿಯು ಮನೆಗೆ ಬಂದಾಗ ಯಂತ್ರವು ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲಿತ್ತು.

“ನರ್ಸಮ್ಮ, ಅದನ್ನು ಕಟ್ಟಿಕೊಂಡರೆ ಉಸಿರು ಕಟ್ಟಿದಂತಾಗುತ್ತದೆ. ಮೂಗು ಒಣಗುತ್ತದೆ, ಮುಖದ ಮೇಲೆ ಗಾಯವಾಗುತ್ತದೆ. ಗೊರಕೆಯೇ ವಾಸಿ” ಎಂದರು ಯಜಮಾನರು.

“ನಿಮಗೆ ವಾಸಿ. ನಾನು ರಾತ್ರಿಯೆಲ್ಲ ನಿಮ್ಮ ಉಸಿರು ಎಣಿಸುತ್ತ ಕೂರಬೇಕಲ್ಲ!” ಎಂದರು ಪತ್ನಿ.

ಆರೋಗ್ಯ ಸಹಾಯಕಿಯು ನಕ್ಕು, “ಅಣ್ಣಾ, ಯಂತ್ರವನ್ನು ಕೆಳಗಿಳಿಸಿರಿ. ನಿಮ್ಮ ಒಂದೊಂದು ದೂರನ್ನೂ ಬೇರೆಬೇರೆಯಾಗಿ ನೋಡೋಣ. ಅಕ್ಕಾ, ನೀವೂ ಇಲ್ಲಿಯೇ ಕುಳಿತುಕೊಳ್ಳಿರಿ. ಇದು ಇಬ್ಬರೂ ಕಲಿಯಬೇಕಾದ ಕೆಲಸ” ಎಂದರು. ಅವರು ಅಂದು ತಿಳಿಸಿಕೊಟ್ಟ ವಿಷಯಗಳನ್ನೇ ಮುಂದೆ ಕ್ರಮವಾಗಿ ಕೊಟ್ಟಿದೆ.

ಉಸಿರು ಕಟ್ಟಿದಂತಾದರೆ

ಮುಖಕ್ಕೆ ಮಾಸ್ಕ್ ಧರಿಸಿದೊಡನೆ ಗಾಬರಿಯಾಗುವುದು ಸಹಜ. ಹೊಸ ಎತ್ತಿಗೆ ನೊಗವನ್ನು ಮೊದಲ ದಿನವೇ ಹೂಡಿ ಹೊಲ ಉಳುವವರಿಲ್ಲ. ಗಾಬರಿಯಾಗುವವರು ಹೀಗೆ ಮೆಟ್ಟಿಲುಮೆಟ್ಟಿಲಾಗಿ ಅಭ್ಯಾಸ ಮಾಡಬೇಕು:

1. ಹಗಲಿನಲ್ಲಿ ಎಚ್ಚರವಾಗಿ ಕುಳಿತು, ಪಟ್ಟಿ ಕಟ್ಟದೆ ಮಾಸ್ಕನ್ನು ಕೈಯಿಂದಲೇ ಮುಖಕ್ಕೆ ಹಿಡಿದುಕೊಂಡು ಐದು ನಿಮಿಷ ಉಸಿರಾಡಬೇಕು. ಬೇಕೆನಿಸಿದಾಗ ತೆಗೆಯಬಹುದೆಂಬ ಧೈರ್ಯವು ಇದರಿಂದ ಬರುತ್ತದೆ.

2. ಅನಂತರ ಕೊಳವೆ ಜೋಡಿಸಿ, ಯಂತ್ರ ನಡೆಸಿ, ಕುಳಿತೇ ಹದಿನೈದು ಇಪ್ಪತ್ತು ನಿಮಿಷ ಧರಿಸಬೇಕು. ಆಗ ರೇಡಿಯೋ ಕೇಳುವುದೋ ಮನೆಯವರ ಮಾತು ಕೇಳುವುದೋ ಒಳ್ಳೆಯದು. ಮೂಗಿಗೆ ಮಾತ್ರ ಹಾಕುವ ಮಾಸ್ಕ್ ಆಗಿದ್ದರೆ ಬಾಯಿ ಮುಚ್ಚಿರಬೇಕು. ತೆರೆದರೆ ಗಾಳಿಯು ಬಾಯಿಯಿಂದ ನುಗ್ಗಿ ಹೊರಬರುತ್ತದೆ.

3. ಇದು ಒಗ್ಗಿದ ಮೇಲೆ ಮಧ್ಯಾಹ್ನ ಮಲಗಿಕೊಂಡು ಧರಿಸಬೇಕು.

4. ಕೊನೆಗೆ ರಾತ್ರಿ ಧರಿಸಬೇಕು. ನಡುವೆ ಎಚ್ಚರವಾಗಿ ಮಾಸ್ಕ್ ಕಿತ್ತು ಹಾಕಿದ್ದು ಕಂಡುಬಂದರೆ ಬೇಸರಪಡದೆ ಮತ್ತೆ ಧರಿಸಿ ಮಲಗಬೇಕು.

ಮೊದಲ ರಾತ್ರಿಯೇ ಒಗ್ಗಿದವರಿಗೆ ಈ ಮೆಟ್ಟಿಲುಗಳು ಬೇಕಾಗಿಲ್ಲ. ಒಗ್ಗದವರಿಗೆ ಕೆಲವು ದಿನಗಳು, ಕೆಲವೊಮ್ಮೆ ಕೆಲವು ವಾರಗಳು ಹಿಡಿಯಬಹುದು.

ಬಹುತೇಕ ಯಂತ್ರಗಳಲ್ಲಿ ಗಾಳಿಯನ್ನು ಮೊದಲು ಮೆಲ್ಲಗೆ ಆರಂಭಿಸಿ, ನಿದ್ರೆ ಬರುವಷ್ಟರಲ್ಲಿ ನಿಗದಿಯಾದ ಒತ್ತಡಕ್ಕೆ ಏರಿಸುವ ಏರ್ಪಾಡು ಉಂಟು. ಇದನ್ನು ‘ರ‍್ಯಾಂಪ್’ ಎನ್ನುತ್ತಾರೆ. ಉಸಿರು ಹೊರಬಿಡುವಾಗ ಮಾತ್ರ ಒತ್ತಡವನ್ನು ಸ್ವಲ್ಪ ತಗ್ಗಿಸುವ ಏರ್ಪಾಡೂ ಅನೇಕ ಯಂತ್ರಗಳಲ್ಲಿದೆ. ಯಂತ್ರ ಕೊಟ್ಟವರನ್ನು ಕೇಳಿ ಇವುಗಳ ಉಪಯೋಗವನ್ನು ಪಡೆಯಿರಿ. ಆದರೆ ವೈದ್ಯರು ಗೊತ್ತುಮಾಡಿದ ಒತ್ತಡವನ್ನು ನೀವಾಗಿಯೇ ಬದಲಾಯಿಸಕೂಡದು.

ಮಾಸ್ಕ್ ಹೊಂದಿಸುವ ಕ್ರಮ

ಮಾಸ್ಕ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೂಗಿನ ಹೊಳ್ಳೆಗಳಿಗೆ ಮಾತ್ರ ಕೂರುವುದು ಒಂದು, ಮೂಗನ್ನು ಪೂರ್ತಿ ಮುಚ್ಚುವುದು ಇನ್ನೊಂದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಮತ್ತೊಂದು. ಸದಾ ಬಾಯಿಯಿಂದಲೇ ಉಸಿರಾಡುವವರಿಗೆ ಮೂರನೆಯದು, ಮುಖ ಮುಚ್ಚಿದರೆ ಹೆದರುವವರಿಗೆ ಮೊದಲನೆಯದು ಒಪ್ಪಬಹುದು. ಪ್ರತಿಯೊಂದರಲ್ಲಿಯೂ ಚಿಕ್ಕದು, ನಡುವಿನದು, ದೊಡ್ಡದು ಎಂಬ ಅಳತೆಗಳುಂಟು. ಇನ್ನೊಬ್ಬರ ಕಾಲಿನ ಅಳತೆಯ ಚಪ್ಪಲಿ ನಮಗೆ ಹೇಗೆ ಕಚ್ಚುವುದೋ, ಅಳತೆ ತಪ್ಪಿದ ಮಾಸ್ಕೂ ಹಾಗೆಯೇ ಕಚ್ಚುತ್ತದೆ. ಆದುದರಿಂದ ಕೊಳ್ಳುವಾಗಲೇ ಹಾಕಿ ನೋಡಿ, ಬದಲಾಯಿಸಿಕೊಡುವ ಮಾತು ಪಡೆದು ಕೊಳ್ಳುವುದು ಜಾಣತನ.

ನಮ್ಮ ಯಜಮಾನರು ಗಾಳಿ ಸೋರುತ್ತದೆಂದು ಪಟ್ಟಿಗಳನ್ನು ಹಗ್ಗ ಬಿಗಿದಂತೆ ಬಿಗಿದಿದ್ದರು. ಗಾಯಕ್ಕೆ ಅದೇ ಕಾರಣ. ಬಿಗಿದಷ್ಟೂ ಮಾಸ್ಕಿನ ಮೆತ್ತೆಯು ಮುದುಡಿ ಸೋರಿಕೆಯು ಹೆಚ್ಚುತ್ತದೆ. ಸರಿಯಾದ ಕ್ರಮ ಹೀಗಿದೆ: ಮಲಗುವ ಮೊದಲು ಮುಖದ ಎಣ್ಣೆ ಬೆವರುಗಳನ್ನು ತೊಳೆದುಕೊಳ್ಳಿರಿ. ಮಾಸ್ಕ್ ಧರಿಸಿ ಮಲಗಿಕೊಂಡು ಯಂತ್ರವನ್ನು ನಡೆಸಿರಿ. ಕುಳಿತಾಗ ಹೊಂದಿದ್ದು ಮಲಗಿದಾಗ ಹೊಂದದೆ ಹೋಗಬಹುದು. ಸೋರಿದರೆ ಮಾಸ್ಕನ್ನು ಮುಖದಿಂದ ತುಸು ಮುಂದಕ್ಕೆಳೆದು ಮೆಲ್ಲಗೆ ಬಿಡಿರಿ; ಮೆತ್ತೆಯು ಗಾಳಿಯಿಂದ ಉಬ್ಬಿ ತಾನಾಗಿ ಕೂರುತ್ತದೆ. ಆಮೇಲೂ ಸೋರಿದರೆ ಎರಡು ಕಡೆಯ ಪಟ್ಟಿಗಳನ್ನು ಸಮನಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ ಬಿಗಿಯಿರಿ. ಬೆಳಿಗ್ಗೆ ಮುಖದ ಮೇಲಿನ ಗುರುತು ಬಹಳ ಹೊತ್ತು ಉಳಿದರೆ ಬಿಗಿತ ಹೆಚ್ಚಾಗಿದೆ ಎಂದರ್ಥ. ಗಡ್ಡವಿದ್ದಲ್ಲಿ ಸೋರಿಕೆ ಹೆಚ್ಚು. ಮೆತ್ತೆಗೆ ಎಣ್ಣೆಯನ್ನಾಗಲಿ ನೋವಿನ ಮುಲಾಮನ್ನಾಗಲಿ ಸವರಬಾರದು. ಅವು ಮೆತ್ತೆಯನ್ನು ಕೆಡಿಸುತ್ತವೆ.

ಎಚ್ಚರಿಕೆ: ಮಾಸ್ಕಿನ ಮುಂಭಾಗದಲ್ಲಿ ಚಿಕ್ಕ ರಂಧ್ರಗಳಿರುತ್ತವೆ. ಅವುಗಳಿಂದ ಗಾಳಿ ಹೊರಬರುವುದು ದೋಷವಲ್ಲ. ನಾವು ಬಿಟ್ಟ ಉಸಿರು ಹೊರಹೋಗಲು ಇರುವ ದಾರಿ ಅದು. ಅವುಗಳಿಗೆ ಅಂಟುಪಟ್ಟಿ ಹಚ್ಚುವುದಾಗಲಿ, ಕಂಬಳಿಯನ್ನು ತಲೆಯವರೆಗೆ ಮುಸುಕು ಹೊದ್ದು ಮುಚ್ಚುವುದಾಗಲಿ ಎಂದಿಗೂ ಕೂಡದು.

ಮೂಗು, ಬಾಯಿ, ಹೊಟ್ಟೆಯ ತೊಂದರೆಗಳು

ಮೂಗು ಒಣಗುವುದಕ್ಕೆ ಗಾಳಿಯಲ್ಲಿ ತೇವವಿಲ್ಲದಿರುವುದು ಕಾರಣ. ಅನೇಕ ಯಂತ್ರಗಳಿಗೆ ನೀರಿನ ಚಿಕ್ಕ ತೊಟ್ಟಿಯೊಂದನ್ನು ಜೋಡಿಸಬಹುದು. ಅದು ನೀರನ್ನು ಬೆಚ್ಚಗೆ ಮಾಡಿ ಗಾಳಿಗೆ ತೇವವನ್ನು ಕೊಡುತ್ತದೆ. ಚಳಿಗಾಲದಲ್ಲಿ ಇದರಿಂದ ಬಹಳ ಹಿತವಾಗುತ್ತದೆ. ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯಲ್ಲಿ ದೊರೆಯುವ ಉಪ್ಪುನೀರಿನ ಹನಿಗಳನ್ನು ಮಲಗುವ ಮೊದಲು ಹಾಕಿಕೊಳ್ಳಬಹುದು. ಮೂಗನ್ನು ಕೂಡಲೇ ಬಿಡಿಸುವ ಬೇರೆ ಹನಿಗಳನ್ನು ಮೂರು ದಿನಗಳಿಗಿಂತ ಹೆಚ್ಚು ಹಾಕಿದರೆ ಮೂಗು ಮತ್ತಷ್ಟು ಕಟ್ಟುವ ಸಂಭವವುಂಟು. ಕುದಿಸದ ಬಾವಿಯ ಅಥವಾ ನಲ್ಲಿಯ ನೀರನ್ನು ಮೂಗಿಗೆ ಹಾಕಬಾರದು. ಮೂಗು ಸದಾ ಕಟ್ಟಿಯೇ ಇದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು.

ಬೆಳಿಗ್ಗೆ ಬಾಯಿ ಮಾತ್ರ ಒಣಗಿದ್ದರೆ ನಿದ್ರೆಯಲ್ಲಿ ಬಾಯಿ ತೆರೆದು ಗಾಳಿ ಸೋರಿದೆ ಎಂದು ತಿಳಿಯಬೇಕು. ಗಲ್ಲಕ್ಕೆ ಆಸರೆ ಕೊಡುವ ಪಟ್ಟಿ ಅಥವಾ ಬಾಯಿಯನ್ನೂ ಮುಚ್ಚುವ ಮಾಸ್ಕ್ ಇದಕ್ಕೆ ಪರಿಹಾರ.

ಕೆಲವರು ಗಾಳಿಯನ್ನು ನುಂಗಿ, ಬೆಳಿಗ್ಗೆ ಹೊಟ್ಟೆಯುಬ್ಬರ ಮತ್ತು ತೇಗುಗಳಿಂದ ಬಳಲುತ್ತಾರೆ. ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿ, ತಲೆಯ ಭಾಗವನ್ನು ತುಸು ಎತ್ತರಿಸಿ, ಮಗ್ಗುಲಾಗಿ ಮಲಗಿದರೆ ಇದು ಕಡಿಮೆಯಾಗಬಹುದು. ಆಗದಿದ್ದರೆ ವೈದ್ಯರಿಗೆ ಹೇಳಬೇಕು. ಅವರು ಒತ್ತಡವನ್ನು ಸರಿಪಡಿಸುತ್ತಾರೆ. ವಾಂತಿ ಬರುವಂತಾದರೆ ಒಡನೆಯೇ ಮಾಸ್ಕ್ ತೆಗೆಯಬೇಕು.

ತೊಟ್ಟಿಯ ನೀರು

ತೊಟ್ಟಿಗೆ ಭಟ್ಟಿ ಇಳಿಸಿದ ಶುದ್ಧ ನೀರನ್ನು, ಅಂದರೆ ಡಿಸ್ಟಿಲ್ಡ್ ವಾಟರ್ ಅನ್ನು ಹಾಕತಕ್ಕದ್ದು. ಇದನ್ನು ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯಿರಿ. ಬ್ಯಾಟರಿಗೆ ಹಾಕುವ ಆಮ್ಲ ಬೆರೆತ ನೀರನ್ನು ಎಂದಿಗೂ ಹಾಕಬಾರದು. ಒಂದೆರಡು ದಿನ ಶುದ್ಧ ನೀರು ದೊರೆಯದಿದ್ದರೆ ಚೆನ್ನಾಗಿ ಕುದಿಸಿ ಆರಿಸಿದ ನೀರನ್ನು ಬಳಸಬಹುದು. ಆದರೆ ಕೊಳವೆ ಬಾವಿಯ ಗಡುಸು ನೀರನ್ನು ಕುದಿಸಿದರೂ ಅದರ ಸುಣ್ಣದ ಅಂಶ ತೊಟ್ಟಿಯಲ್ಲಿ ಬಿಳಿಯ ಕರೆಯಾಗಿ ನಿಲ್ಲುತ್ತದೆ. ದಿನವೂ ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಿ, ತೊಟ್ಟಿಯನ್ನು ತೊಳೆದು, ಒಣಗಿಸಿ, ರಾತ್ರಿ ಹೊಸ ನೀರು ತುಂಬಬೇಕು.

ಚಳಿಯ ರಾತ್ರಿಗಳಲ್ಲಿ ಕೊಳವೆಯೊಳಗೆ ನೀರು ಹನಿಗೂಡಿ ಗುಳುಗುಳು ಸದ್ದಾಗಬಹುದು, ಕೆಲವೊಮ್ಮೆ ಮುಖದ ಮೇಲೆ ಹನಿಯೂ ಬೀಳಬಹುದು. ಯಂತ್ರ ಕೆಟ್ಟಿದೆಯೆಂದು ಹೆದರಬೇಕಾಗಿಲ್ಲ. ಬೆಚ್ಚನೆಯ ತೇವದ ಗಾಳಿಯು ತಣ್ಣನೆಯ ಕೊಳವೆಗೆ ತಗುಲಿ ನೀರಾಗಿದೆ, ಅಷ್ಟೆ. ಕೊಳವೆಗೆ ಹಳೆಯ ಬಟ್ಟೆಯನ್ನು ಸುತ್ತಿದರೆ ಅಥವಾ ತೇವದ ಪ್ರಮಾಣವನ್ನು ಒಂದು ಅಂಕೆ ತಗ್ಗಿಸಿದರೆ ಇದು ನಿಲ್ಲುತ್ತದೆ.

ಯಂತ್ರವನ್ನಿಡುವ ಸ್ಥಳ

ಮಂಚದ ಮೇಲೆ ಮಲಗುವವರು ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗೆ, ಒಂದು ಸ್ಟೂಲಿನ ಮೇಲಿಡಬೇಕು. ಆಗ ತೊಟ್ಟಿಯ ನೀರು ಮಾಸ್ಕಿನ ಕಡೆಗೆ ಹರಿಯದು. ಚಾಪೆಯ ಮೇಲೆ ಮಲಗುವವರು ಯಂತ್ರವನ್ನು ಬರಿಯ ನೆಲಕ್ಕಿಡದೆ ಗಟ್ಟಿಯಾದ ಮಣೆಯ ಮೇಲೆ, ಸ್ವಲ್ಪವೂ ಓರೆಯಾಗದಂತೆ ಇಡಬೇಕು; ತೊಟ್ಟಿಯನ್ನು ಗುರುತಿಗಿಂತ ಹೆಚ್ಚು ತುಂಬಬಾರದು. ಯಂತ್ರವನ್ನು ಎತ್ತುವ ಮೊದಲು ನೀರನ್ನು ತಪ್ಪದೆ ಚೆಲ್ಲಬೇಕು.

ಗಾಳಿ ಒಳಹೋಗುವ ಕಡೆ ಗೋಡೆಯಾಗಲಿ ಹೊದಿಕೆಯಾಗಲಿ ಅಡ್ಡವಿರಬಾರದು. ಒಲೆಯ ಹೊಗೆ, ಬೀಡಿಯ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಇವೆಲ್ಲವನ್ನೂ ಯಂತ್ರವು ಎಳೆದುಕೊಂಡು ನೇರವಾಗಿ ಮೂಗಿಗೆ ಕಳುಹಿಸುತ್ತದೆ. ಆದುದರಿಂದ ಸೊಳ್ಳೆ ಬತ್ತಿಗಿಂತ ಸೊಳ್ಳೆ ಪರದೆಯೇ ಉತ್ತಮ. ಕೊಳವೆಯನ್ನು ಪರದೆಯ ಅಂಚಿನ ಕೆಳಗಿನಿಂದ ಒಳಕ್ಕೆ ತಂದರಾಯಿತು. ಹೊರಳುವಾಗ ಕೊಳವೆಯು ಮಾಸ್ಕನ್ನು ಎಳೆಯದಂತೆ ತಲೆದೆಸೆಯ ಗೋಡೆಯ ಮೊಳೆಗೆ ಬಟ್ಟೆಯ ಕುಣಿಕೆಯೊಂದನ್ನು ಕಟ್ಟಿ, ಅದರೊಳಗೆ ಕೊಳವೆಯನ್ನು ಸಡಿಲವಾಗಿ ತೂಗಬಿಡಬೇಕು.

ವಿದ್ಯುತ್ ನಿಂತಾಗ

“ಕರೆಂಟು ಹೋದರೆ ಮಾಸ್ಕಿನೊಳಗೇ ಉಸಿರುಗಟ್ಟಿ ಸಾಯುವೆನೇ?” ಎಂಬುದು ಯಜಮಾನರ ಮನಸ್ಸಿನಲ್ಲಿದ್ದ ನಿಜವಾದ ಭಯ. ಅವರು ಅದನ್ನು ಪತ್ನಿಗೂ ಹೇಳಿರಲಿಲ್ಲ. ಇಂತಹ ಭಯವನ್ನು ಮುಚ್ಚಿಡಬಾರದು. ಮಾಸ್ಕಿನ ರಂಧ್ರಗಳು ತೆರೆದೇ ಇರುತ್ತವೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್‌ಗಳಲ್ಲಿ ಗಾಳಿ ನಿಂತೊಡನೆ ಹೊರಗಿನ ಗಾಳಿಗೆ ದಾರಿ ಬಿಡುವ ಕವಾಟವೂ ಇರುತ್ತದೆ. ಸಾಮಾನ್ಯವಾಗಿ ಮಲಗಿದವರಿಗೆ ಎಚ್ಚರವಾಗುತ್ತದೆ. ಆಗ ಮಾಸ್ಕನ್ನು ತೆಗೆದುಬಿಡಬೇಕು. ಯಂತ್ರ ನಿಂತಿರುವಾಗ ಅದನ್ನು ಧರಿಸಿಕೊಂಡೇ ನಿದ್ರಿಸಬಾರದು. ಕತ್ತಲೆಯಲ್ಲಿ ಒಂದೇ ಕೈಯಿಂದ ಮಾಸ್ಕ್ ಬಿಚ್ಚುವುದನ್ನು ಹಗಲಿನಲ್ಲಿಯೇ ಹತ್ತಾರು ಬಾರಿ ರೂಢಿ ಮಾಡಿಕೊಂಡರೆ ಭಯವು ತಾನಾಗಿ ದೂರವಾಗುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಯಂತ್ರವನ್ನು ಅದಕ್ಕೆ ಜೋಡಿಸಬಹುದು. ಯಾವ ಬಗೆಯ ಇನ್ವರ್ಟರ್ ಆಗುತ್ತದೆಂಬುದನ್ನು ಯಂತ್ರ ಕೊಟ್ಟವರಿಂದ ತಿಳಿದುಕೊಳ್ಳಬೇಕು. ನೀರು ಬಿಸಿಮಾಡುವ ಭಾಗಕ್ಕೆ ಹೆಚ್ಚು ವಿದ್ಯುತ್ ಬೇಕು. ಅದನ್ನು ನಿಲ್ಲಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ವಿದ್ಯುತ್ ಇಲ್ಲದ ರಾತ್ರಿ ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದರಿಂದ ಅನೇಕರಿಗೆ ಉಸಿರು ಕಟ್ಟುವುದು ಕಡಿಮೆಯಾಗುತ್ತದೆ.

ರಾತ್ರಿ ಹೊತ್ತು ಪಂಪ್‌ಸೆಟ್‌ಗೆ ವಿದ್ಯುತ್ ಬಂದಾಗ ರೈತರು ಎದ್ದು ಹೊಲಕ್ಕೆ ಹೋಗಬೇಕಾಗುತ್ತದೆ. ಹಿಂದಿರುಗಿ ಬಂದು ಆಯಾಸದಿಂದ ಹಾಗೆಯೇ ಒರಗಿಬಿಡುವುದು ವಾಡಿಕೆ. ಆಗಲೂ ಮಾಸ್ಕ್ ಧರಿಸಿಯೇ ಮಲಗಬೇಕು. ನಿದ್ರೆಯ ಕೊರತೆಯನ್ನು ಹಗಲಿನಲ್ಲಿ ತುಂಬಿಕೊಳ್ಳುವುದಾದರೆ ಹಗಲೂ ಧರಿಸಬೇಕು. ಜಾತ್ರೆಗೋ ಮದುವೆಗೋ ಪರಊರಿಗೆ ಹೋಗುವಾಗ ಯಂತ್ರವನ್ನೂ ಒಯ್ಯಬೇಕು.

ಶುಚಿತ್ವ

ಮಾಸ್ಕಿನ ಮೆತ್ತೆಯನ್ನು ದಿನವೂ, ಕೊಳವೆ ಮತ್ತು ಪಟ್ಟಿಗಳನ್ನು ವಾರಕ್ಕೊಮ್ಮೆ, ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಮೆತ್ತೆಯು ಬೇಗ ಗಡುಸಾಗುತ್ತದೆ. ಯಂತ್ರದ ಹಿಂದೆ ಅಥವಾ ಪಕ್ಕದಲ್ಲಿ ಗಾಳಿ ಸೋಸುವ ಫಿಲ್ಟರ್ ಇರುತ್ತದೆ. ವಾರಕ್ಕೊಮ್ಮೆ ಅದನ್ನು ತೆಗೆದು ನೋಡಬೇಕು. ಸ್ಪಂಜಿನಂತಿರುವುದನ್ನು ತೊಳೆದು ಪೂರ್ತಿ ಒಣಗಿಸಿ ಹಾಕಬಹುದು. ಬಿಳಿಯ ಕಾಗದದಂತಿರುವುದನ್ನು ತೊಳೆಯದೆ ತಿಂಗಳಿಗೊಮ್ಮೆ ಬದಲಾಯಿಸಬೇಕು. ಒಕ್ಕಣೆಯ ಕಾಲದಲ್ಲಿ ಮನೆಯೆಲ್ಲ ಧೂಳಾಗುವುದರಿಂದ ಇನ್ನೂ ಬೇಗ ಬದಲಾಯಿಸಬೇಕಾಗಬಹುದು. ಯಂತ್ರದ ಒಳಕ್ಕೆ ನೀರು ಹಾಕಬಾರದು.

ಬಳಸಿದ ಹಳೆಯ ಯಂತ್ರವನ್ನು ಕಡಿಮೆ ಬೆಲೆಗೆ ಕೊಳ್ಳುವವರು ಎಚ್ಚರದಿಂದಿರಬೇಕು. 2021ರ ಜೂನ್ ತಿಂಗಳಲ್ಲಿ ಒಂದು ವಿದೇಶೀ ಕಂಪನಿಯು, ಸದ್ದು ತಗ್ಗಿಸಲು ಒಳಗೆ ಇಟ್ಟಿದ್ದ ಸ್ಪಂಜು ಪುಡಿಯಾಗುವ ಸಂಭವವಿದೆಯೆಂದು ತನ್ನ ಹಲವು ಬಗೆಯ ಯಂತ್ರಗಳನ್ನು ಲೋಕದಾದ್ಯಂತ ಹಿಂದಕ್ಕೆ ಕರೆಸಿತು. ಹಳೆಯ ಯಂತ್ರವನ್ನು ವೈದ್ಯರಿಗೆ ತೋರಿಸಿ, ಒತ್ತಡವನ್ನು ನಿಮಗೆ ತಕ್ಕಂತೆ ಗೊತ್ತುಮಾಡಿಸದೆ ಉಪಯೋಗಿಸಬಾರದು.

ಪತ್ನಿಗೆ ಯಂತ್ರ ಬೇಕಾದಾಗ

ಈ ರೋಗವು ಗಂಡಸರಿಗೆ ಮಾತ್ರ ಬರುವುದಲ್ಲ. ಹೆಂಗಸರಲ್ಲಿ, ಅದರಲ್ಲಿಯೂ ಮುಟ್ಟು ನಿಂತ ಮೇಲೆ, ಇದು ಹೆಚ್ಚುತ್ತದೆ. ಗರ್ಭಿಣಿಯು ಹೊಸದಾಗಿ ಜೋರಾಗಿ ಗೊರಕೆ ಹೊಡೆಯುತ್ತಿದ್ದು, ರಕ್ತದ ಒತ್ತಡವೂ ಏರಿದ್ದರೆ ಅದನ್ನು ಆರೋಗ್ಯ ಸಹಾಯಕಿಗೆ ತಪ್ಪದೆ ತಿಳಿಸಬೇಕು. ‘ಹೆಂಗಸು ಗೊರಕೆ ಹೊಡೆಯುವಳೆಂದರೆ ನಾಚಿಕೆ’ ಎಂದು ಮುಚ್ಚಿಡುವುದರಿಂದ ರೋಗವು ಬೆಳೆಯುತ್ತದೆಯೇ ಹೊರತು ಕಡಿಮೆಯಾಗದು.

ಯಂತ್ರ ಧರಿಸುವ ಹೆಂಗಸರು ಮಾಸ್ಕಿಗೆ ತಗುಲುವ ಮೂಗುಬೊಟ್ಟನ್ನು ರಾತ್ರಿ ತೆಗೆದಿಡುವುದು ಅಥವಾ ಅದಕ್ಕೆ ತಗುಲದ ಮಾಸ್ಕನ್ನು ಆರಿಸಿಕೊಳ್ಳುವುದು ಒಳ್ಳೆಯದು. ತಲೆಯ ಹಿಂದೆ ತುರುಬಿದ್ದರೆ ಪಟ್ಟಿಗಳು ಜಾರುತ್ತವೆ; ಸಡಿಲವಾದ ಜಡೆ ಹೆಣೆದು ಮುಂದಕ್ಕೆ ಹಾಕಿಕೊಳ್ಳಬೇಕು. ಮುಖದ ಅರಿಶಿನ, ಎಣ್ಣೆಗಳನ್ನು ತೊಳೆದುಕೊಳ್ಳಬೇಕು. ಬೆಳಗಿನ ಜಾವ ಎಲ್ಲರಿಗಿಂತ ಮೊದಲೇ ಏಳುವ ಗೃಹಿಣಿಗೆ ನಿದ್ರೆಯ ಹೊತ್ತೇ ಕಡಿಮೆ. ಅವಳ ಯಂತ್ರವನ್ನು ತೊಳೆದಿಡುವ ಕೆಲಸವನ್ನಾದರೂ ಪತಿಯು ವಹಿಸಿಕೊಳ್ಳಬೇಕು.

ದಂಪತಿಗಳ ಪಾಲು

ಸುಸ್ಥಿತಿಯಲ್ಲಿರುವ ಯಂತ್ರದ ಸದ್ದು ಛಾವಣಿಯ ಫ್ಯಾನಿನ ಸದ್ದಿಗಿಂತ ಹೆಚ್ಚಿರದು. ಸೀಟಿಯಂಥ ಸದ್ದು ಬಂದರೆ ಮಾಸ್ಕ್ ಸೋರುತ್ತಿದೆಯೆಂದು ತಿಳಿದು ಸರಿಪಡಿಸಬೇಕು. ಯಂತ್ರವನ್ನು ಧರಿಸುವವರ ಮಗ್ಗುಲಿಗೇ ಇಟ್ಟು, ರಂಧ್ರಗಳ ಗಾಳಿಯು ಪಕ್ಕದವರ ಮೇಲೆ ಬೀಸದಂತೆ ನೋಡಿಕೊಳ್ಳಬೇಕು. ಮಕ್ಕಳು ಹೆದರಿದರೆ ಹಗಲಿನಲ್ಲಿಯೇ ಯಂತ್ರವನ್ನು ತೋರಿಸಿ ವಿವರಿಸಬೇಕು.

ಮಾಸ್ಕ್ ಧರಿಸಿದ ಮುಖವನ್ನು ಕಂಡು ಸಂಗಾತಿಗೆ ಜುಗುಪ್ಸೆಯಾಗಬಹುದೆಂದು ಕೆಲವರು ಕುಗ್ಗುತ್ತಾರೆ. ಇದರಿಂದ ದಾಂಪತ್ಯಕ್ಕೆ ಅಡ್ಡಿಯಿಲ್ಲ. ನಿದ್ರಿಸುವ ಹೊತ್ತಿಗೆ ಧರಿಸಿದರೆ ಸಾಕು. ನಿಜವಾಗಿ ನೋಡಿದರೆ ನಿದ್ರೆಯಿಲ್ಲದ ಆಯಾಸ, ಸಿಡುಕು ಮತ್ತು ನಿರುತ್ಸಾಹಗಳೇ ದಾಂಪತ್ಯಕ್ಕೆ ಅಡ್ಡಿ. ಗೊರಕೆಯ ದೆಸೆಯಿಂದ ಬೇರೆಬೇರೆ ಕೋಣೆಗಳಲ್ಲಿ ಮಲಗುತ್ತಿದ್ದವರು ಯಂತ್ರದ ದೆಸೆಯಿಂದ ಮತ್ತೆ ಒಂದೇ ಕೋಣೆಗೆ ಬರಬಹುದು. ಹಾಸ್ಯ ಮಾಡದಿರುವುದು, ರಾತ್ರಿ ಕಳಚಿದ ಮಾಸ್ಕನ್ನು ಮೆಲ್ಲಗೆ ನೆನಪಿಸುವುದು, ಹಗಲು ತೂಕಡಿಕೆ ತಗ್ಗಿದೆಯೇ ಎಂದು ಗಮನಿಸುವುದು ಇವು ಸಂಗಾತಿಯು ಮಾಡಬಹುದಾದ ದೊಡ್ಡ ಉಪಕಾರಗಳು.

ಇದರೊಡನೆ ತೂಕ ಹೆಚ್ಚಿರುವವರು ಅದನ್ನು ಇಳಿಸಬೇಕು. ಮದ್ಯಪಾನ ಮತ್ತು ವೈದ್ಯರು ಕೊಡದ ನಿದ್ರೆಯ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುವುದರಿಂದ ಅವುಗಳನ್ನು ವರ್ಜಿಸಬೇಕು.

ವೈದ್ಯರ ಬಳಿಗೆ ಯಾವಾಗ ಹೋಗಬೇಕು?

ಮೂಗಿನಿಂದ ಮೇಲಿಂದ ಮೇಲೆ ರಕ್ತ ಬಂದರೆ, ಕಿವಿ ನೋವು ಬಂದರೆ, ಮುಖದ ಗಾಯ ಮಾಯದಿದ್ದರೆ, ತಿಂಗಳು ಕಳೆದರೂ ತೂಕಡಿಕೆ ತಗ್ಗದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅನೇಕ ಯಂತ್ರಗಳು ಎಷ್ಟು ಗಂಟೆ ಬಳಸಿದಿರಿ, ಎಷ್ಟು ಗಾಳಿ ಸೋರಿತು, ಉಸಿರು ಎಷ್ಟು ಬಾರಿ ಕಟ್ಟಿತು ಎಂಬುದನ್ನು ಬರೆದಿಟ್ಟುಕೊಳ್ಳುತ್ತವೆ. ಆದುದರಿಂದ ಯಂತ್ರವನ್ನೂ ಮಾಸ್ಕನ್ನೂ ಜೊತೆಗೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ತೂಕಡಿಕೆ ತಗ್ಗುವವರೆಗೆ ವಾಹನ ಓಡಿಸಬೇಡಿರಿ.

ನಮ್ಮ ಉದಾಹರಣೆಯ ಮನೆಗೆ ಆರೋಗ್ಯ ಸಹಾಯಕಿಯು ಒಂದು ತಿಂಗಳ ಮೇಲೆ ಮತ್ತೆ ಹೋದರು. ಯಂತ್ರವು ಮಣೆಯ ಮೇಲಿತ್ತು. ತೊಳೆದ ಮೆತ್ತೆಯು ನೆರಳಿನಲ್ಲಿ ಒಣಗುತ್ತಿತ್ತು. ಯಜಮಾನರು ಹೊಲದಲ್ಲಿದ್ದರು. “ಹೇಗಿದೆ ಅಕ್ಕಾ?” ಎಂದು ಕೇಳಿದಾಗ ಪತ್ನಿ ಹೇಳಿದರು: “ಮೊದಲು ಗೊರಕೆ ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ಈಗಲೂ ಒಂದೊಂದು ರಾತ್ರಿ ಸದ್ದಿಲ್ಲವೆಂದು ಎಚ್ಚರವಾಗಿ ಅವರ ಎದೆಯ ಮೇಲೆ ಕೈಯಿಟ್ಟು ನೋಡುತ್ತೇನೆ. ಉಸಿರು ಸಮನಾಗಿ ಆಡುತ್ತಿರುತ್ತದೆ. ಆಮೇಲೆ ನಾನೂ ಮಲಗುತ್ತೇನೆ.”

ನೆನಪಿಡಬೇಕಾದ ಮಾತುಗಳು

1. ಮಲಗಿದಾಗಲೆಲ್ಲ, ನಿದ್ರೆಯ ಪೂರ್ತಿ ಅವಧಿಗೆ ಯಂತ್ರವನ್ನು ಧರಿಸಬೇಕು.
2. ಪಟ್ಟಿಯನ್ನು ಸೋರಿಕೆ ನಿಲ್ಲುವಷ್ಟು ಮಾತ್ರ ಬಿಗಿಯಬೇಕು. ಮಾಸ್ಕಿನ ರಂಧ್ರಗಳನ್ನು ಮುಚ್ಚಬಾರದು.
3. ತೊಟ್ಟಿಗೆ ದಿನವೂ ಹೊಸದಾಗಿ ಶುದ್ಧ ನೀರನ್ನು ತುಂಬಬೇಕು.
4. ವಿದ್ಯುತ್ ನಿಂತರೆ ಮಾಸ್ಕನ್ನು ತೆಗೆಯಬೇಕು.
5. ಒತ್ತಡವನ್ನು ವೈದ್ಯರೇ ಬದಲಾಯಿಸಬೇಕು.
6. ತೊಂದರೆಯಾದರೆ ಯಂತ್ರವನ್ನು ಅಟ್ಟಕ್ಕೇರಿಸದೆ ಆಸ್ಪತ್ರೆಗೆ ಒಯ್ಯಬೇಕು.

ಪ್ರಶ್ನೆಗಳು

1. ಮಾಸ್ಕಿನಿಂದ ಮುಖದ ಮೇಲೆ ಗಾಯವಾಗಲು ಮುಖ್ಯ ಕಾರಣವೇನು?
2. ಕೊಳವೆಯಲ್ಲಿ ನೀರು ಹನಿಗೂಡಿದರೆ ಏನು ಮಾಡುವಿರಿ?
3. ಯಂತ್ರದ ಬಳಿ ಸೊಳ್ಳೆ ಬತ್ತಿಯನ್ನು ಏಕೆ ಹಚ್ಚಬಾರದು?
4. ನಿಮ್ಮ ಸಂಗಾತಿಯು ಯಂತ್ರ ಧರಿಸಲು ಅಂಜಿದರೆ ಹೇಗೆ ಧೈರ್ಯ ತುಂಬುವಿರಿ? ಇಬ್ಬರೂ ಕುಳಿತು ಚರ್ಚಿಸಿರಿ.